ಬೀಗದಣ್ಣ

ಆ ಬೀದಿಯ ಗಂಡಸರು ಕೂದಲು ಕತ್ತರಿಸಿಕೊಳ್ಳಲು ಎರಡು ಬೀದಿ ದಾಟಿ ಹೋಗುತ್ತಿದ್ದರು. ಕಣ್ಣೆದುರೇ ಕ್ಷೌರದಂಗಡಿ ಇತ್ತು. ಅಲ್ಲಿದ್ದವನ ಕೈ ಹಗುರ, ಕತ್ತಿ ಹರಿತ, ಮಾತು ಕಡಿಮೆ. ಆದರೆ ಗಡ್ಡ ಮಾಡಿಸಿಕೊಳ್ಳುವುದೆಂದರೆ ಕತ್ತನ್ನು ಇನ್ನೊಬ್ಬನ ಕೈಗೆ ಕೊಟ್ಟು ಕಣ್ಣು ಮುಚ್ಚಿಕೊಂಡು ಕೂರುವ ಕೆಲಸ ನೋಡಿ. "ಬೇರೆ ಕಡೆ ಕೂತ್ರೆ ಕೂದ್ಲು ಹೋಗುತ್ತೆ, ಇವನ ಹತ್ರ ಕೂತ್ರೆ ತಲೆನೇ ಹೋಗುತ್ತೆ" ಎಂದು ಪಕ್ಕದ ಟೈರ್ ಅಂಗಡಿಯವನು ಅವನಿಗೆ ಕೇಳಿಸಲೆಂದೇ ದನಿಯೇರಿಸಿ ಹೇಳುತ್ತಿದ್ದ. ಹಾಗಾಗಿ ಅವನ ಕುರ್ಚಿಯಲ್ಲಿ ಕೂರುತ್ತಿದ್ದವರು ಲಾರಿ ನಿಲ್ಲಿಸಿ ಬರುವ ಡ್ರೈವರುಗಳು, ದಾರಿಹೋಕರು, ಊರಿಗೆ ಹೊಸಬರು. ಅವರಲ್ಲೂ ಕೆಲವರು ಎರಡನೇ ಸಲ ಬರುತ್ತಿರಲಿಲ್ಲ. ಅಷ್ಟರಲ್ಲಿ ಯಾರೋ ಒಬ್ಬರು ಕಿವಿ ಕಚ್ಚಿರುತ್ತಿದ್ದರು.

ಬೀದಿ ಅವನಿಗೆ ಇಟ್ಟ ಹೆಸರು ಬೀಗದಣ್ಣ. ಅದಕ್ಕೆ ಕಾರಣ ಅವನ ತಮ್ಮನ ಮನೆಯ ಬೀಗ.

ತಮ್ಮನದು ಫೋಟೋಗಳಿಗೆ ಕಟ್ಟು ಹಾಕುವ, ಕನ್ನಡಿ ಕೊಯ್ಯುವ ಕೆಲಸ. ಅಣ್ಣತಮ್ಮಂದಿರ ಮನೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ನಡುವೆ ಒಂದೇ ಗೋಡೆ, ಮುಂದುಗಡೆ ಇಬ್ಬರದೂ ಅಂಗಡಿ. ಹದಿನಾರು ವರ್ಷಗಳ ಹಿಂದೆ ಒಂದು ಸಂಜೆ ಇಬ್ಬರೂ ಬೀದಿಯಲ್ಲೇ ನಿಂತು ಜಗಳವಾಡಿದರು. ಮಹಾ ವಿಷಯವೇನಲ್ಲ. ತಮ್ಮನ ಬಚ್ಚಲಿನ ನೀರು ಅಣ್ಣನ ಅಂಗಡಿಯ ಮೆಟ್ಟಿಲ ಕೆಳಗೆ ಬಂದು ನಿಲ್ಲುತ್ತಿತ್ತು. ಹೇಳಿ ಹೇಳಿ ಸಾಕಾಗಿ ಅಣ್ಣ ಆ ದಿನ ನಾಲಗೆ ಹರಿಯಬಿಟ್ಟ. "ನಿನ್ನ ಮುಖ ಇನ್ನೊಂದ್ಸಲ ನನಗೆ ತೋರಿಸ್ಬೇಡ" ಎಂದು ಕೂಗಿದ. ಇಡೀ ಬೀದಿ ಕೇಳಿಸಿಕೊಂಡಿತು.

ಬೆಳಗಾಗೆದ್ದು ನೋಡಿದರೆ ತಮ್ಮನ ಮನೆಗೆ ಬೀಗ. ಬೀಗದ ಕೈ ಅಣ್ಣನ ಕಿಟಕಿಯ ಕಟ್ಟೆಯ ಮೇಲಿತ್ತು. ಮನೆಮಂದಿಯೆಲ್ಲ ಹೊರಗೆ ಹೋಗುವಾಗ ಅವರು ಅದನ್ನು ಅಲ್ಲೇ ಇಟ್ಟು ಹೋಗುವುದು ವಾಡಿಕೆ. ಮುನಿಸಿಕೊಂಡು ಮಾವನ ಮನೆಗೆ ಹೋಗಿದ್ದಾನೆ, ಹೋಗಲಿ, ಹೊಟ್ಟೆ ಹಸಿದರೆ ತಾನೇ ಬರುತ್ತಾನೆ ಎಂದುಕೊಂಡು ಅಣ್ಣ ಸುಮ್ಮನಾದ. ಒಂದು ಮಾತು ವಿಚಾರಿಸಲಿಲ್ಲ. ಕೆಲವು ದಿನ ಕಳೆದ ಮೇಲೆ ತಮ್ಮನ ಮಾವನೇ ಹುಡುಕಿಕೊಂಡು ಬಂದರು. ಫೋನ್ ಮಾಡಿ ಮಾಡಿ ಅವರಿಗೆ ಸಾಕಾಗಿತ್ತು. ಬಾಗಿಲು ತೆಗೆದು ನೋಡಿದರೆ ತಮ್ಮನ ಸ್ಕೂಟರು ನಡುಮನೆಯಲ್ಲೇ ನಿಂತಿದೆ. ಬಕೆಟ್ಟಿನಲ್ಲಿ ಹಿಂಡಿಟ್ಟ ಬಟ್ಟೆ ಮುಗ್ಗಲು ಹಿಡಿದಿದೆ. ದೊಡ್ಡ ಮಗಳ ಶಾಲೆಯ ಸಮವಸ್ತ್ರ ಇಸ್ತ್ರಿಯಾಗಿ ಕುರ್ಚಿಯ ಬೆನ್ನಿನ ಮೇಲಿದೆ. ತಮ್ಮ, ಅವನ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮಾತ್ರ ಇಲ್ಲ. ಅವರನ್ನು ಬಸ್ಸಿನಲ್ಲಿ ಕಂಡವರಿಲ್ಲ, ರೈಲಿನಲ್ಲಿ ಕಂಡವರಿಲ್ಲ, ದಾರಿಯಲ್ಲಿ ಕಂಡವರೂ ಇಲ್ಲ.

ಬೀಗದ ಕೈ ಯಾರ ಹತ್ತಿರ ಇತ್ತು? ಮುಖ ತೋರಿಸಬೇಡ ಎಂದವನು ಯಾರು? ಅಷ್ಟು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತವನು ಯಾರು? ಬೀದಿಗೆ ಇಷ್ಟು ಸಾಕಾಯಿತು. ಪೊಲೀಸರಿಗೂ ಸಾಕಾಯಿತು. ಅವನನ್ನು ಎಳೆದೊಯ್ದರು, ಹಿತ್ತಲನ್ನು ಅಗೆದು ಗುಡ್ಡೆ ಹಾಕಿದರು, ಎಡಗೈಯ ಎರಡು ಬೆರಳು ಮತ್ತೆ ನೆಟ್ಟಗಾಗದಂತೆ ಮಾಡಿ ಸಾಕ್ಷಿಯಿಲ್ಲವೆಂದು ಬಿಟ್ಟರು. ಕತ್ತರಿ ಹಿಡಿಯುವುದು ಬಲಗೈಯಾದ್ದರಿಂದ ಹೊಟ್ಟೆಪಾಡು ಉಳಿಯಿತು. ಪ್ರಕರಣದ ಕಡತ ಠಾಣೆಯ ಯಾವುದೋ ಮೂಲೆ ಸೇರಿತು. ಅವನು ಊರು ಬಿಡಲಿಲ್ಲ. ಹೋದರೆ ಕೊಲೆಗಾರ ಓಡಿಹೋದ ಅನ್ನುತ್ತಾರೆ, ಇದ್ದರೆ ಭಂಡ ಅನ್ನುತ್ತಾರೆ. ಭಂಡನಾಗಿಯೇ ಇರೋಣ ಎಂದು ಹಟ ಹಿಡಿದು ಕೂತ.

ಅವನಿಗಿಂತ ದೊಡ್ಡ ಹಟಮಾರಿ ತಮ್ಮನ ಮಾವ. ಶಾಲೆಯೊಂದರಲ್ಲಿ ಡ್ರಿಲ್ ಹೇಳಿಕೊಡುತ್ತಿದ್ದ ಅವರನ್ನು ಎಲ್ಲರೂ ಡ್ರಿಲ್ ಮೇಷ್ಟ್ರು ಎನ್ನುತ್ತಿದ್ದರು. ಅವರು ತಮ್ಮ ಊರಿನ ಮನೆಗೆ ಬಾಗಿಲು ಹಾಕಿ ಬಂದು ಇದೇ ಬೀದಿಯಲ್ಲಿ ಒಂದು ಕೋಣೆ ಹಿಡಿದರು. ಬೆಳಗಾದರೆ ಕ್ಷೌರದಂಗಡಿಯ ಎದುರಿನ ಬೇಕರಿಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಬೆನ್ನು ನೆಟ್ಟಗೆ, ಮೊಣಕಾಲ ಮೇಲೆ ಕೈ, ದೃಷ್ಟಿ ಅಂಗಡಿಯ ಬಾಗಿಲ ಮೇಲೆ. ಮಾತಿಲ್ಲ, ಬೈಗುಳವಿಲ್ಲ. ಬೀಗದಣ್ಣ ಬಾಗಿಲು ತೆಗೆದಾಗ ಆ ಕಣ್ಣು, ಹಾಕಿದಾಗಲೂ ಅದೇ ಕಣ್ಣು. ಮೊದಮೊದಲು ಅವನಿಗೆ ಮೈ ಉರಿಯುತ್ತಿತ್ತು. ಆಮೇಲೆ ಅವನೂ ಬಿಡುವಾದಾಗೆಲ್ಲ ಬಾಗಿಲಿನಲ್ಲಿ ನಿಂತು ಕತ್ತಿ ಮಸೆಯುತ್ತ ಅವರನ್ನೇ ದಿಟ್ಟಿಸತೊಡಗಿದ. ಇಬ್ಬರೂ ಹೀಗೆ ಒಬ್ಬರನ್ನೊಬ್ಬರು ನೋಡುತ್ತಲೇ ಮುದುಕರಾದರು.

ಮನೆಯೊಳಗೆ ಅವನ ಹೆಂಡತಿ. ಅವಳು ಇಷ್ಟು ವರ್ಷ ಅವನಿಗೆ ಬಡಿಸಿದಳು, ಅವನ ಬಟ್ಟೆ ಒಗೆದಳು, ನಲ್ಲಿಯ ಹತ್ತಿರ ಅವನ ಪರವಾಗಿ ಹೆಂಗಸರ ಜೊತೆ ಜುಟ್ಟು ಜುಟ್ಟು ಹಿಡಿದು ಜಗಳವಾಡಿದಳು. ಆದರೆ ನೀವೇನಾದರೂ ಮಾಡಿದಿರಾ ಎಂದು ಒಂದೇ ಒಂದು ದಿನ ಕೇಳಲಿಲ್ಲ. ಊರೆಲ್ಲ ಹೇಳುವುದು ಅವನಿಗೆ ಅಭ್ಯಾಸವಾಗಿತ್ತು. ಇವಳು ಕೇಳದೇ ಇರುವುದು ಮಾತ್ರ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತೆ ಕಾಡುತ್ತಿತ್ತು.

ಈ ವರ್ಷ ಅಡ್ಡರಸ್ತೆ ಅಗಲ ಮಾಡುವವರು ಬಂದು ಮೂಲೆಗಿದ್ದ ತಮ್ಮನ ಮನೆಯ ಗೋಡೆಗೆ ಕೆಂಪು ಗುರುತು ಹಾಕಿ ಹೋದರು. ಠಾಣೆಗೆ ಹೊಸದಾಗಿ ಬಂದಿದ್ದ ಹೆಂಗಸು ಇನ್ಸ್‌ಪೆಕ್ಟರ್, ಹೇಗೂ ಕೆಡವುತ್ತಾರಲ್ಲ, ನೆಲವನ್ನೂ ಪೂರ್ತಿ ಅಗೆದು ನೋಡಿಯೇಬಿಡೋಣ ಎಂದು ಹಳೆಯ ಕಡತದ ಧೂಳು ಕೊಡವಿದರು.

ಅಗೆಯುವ ದಿನ ಬೀದಿಗೆ ಬೀದಿಯೇ ನೆರೆಯಿತು. ಮನೆಯಿಂದ ಕುರ್ಚಿ ತಂದು ಹಾಕಿಕೊಂಡವರಿದ್ದರು, ಮಹಡಿ ಹತ್ತಿದವರಿದ್ದರು. ಬೇಕರಿಯಲ್ಲಿ ಬನ್ನು ಖಾಲಿಯಾಯಿತು. ಬೀಗದಣ್ಣ ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕೈಕಟ್ಟಿ ನಿಂತ. ಪಕ್ಕದಲ್ಲಿ ಕಾನ್‌ಸ್ಟೇಬಲ್ ಒಬ್ಬನನ್ನು ನಿಲ್ಲಿಸಿದ್ದರು, ಓಡಿಹೋದಾನು ಎಂದು. ಡ್ರಿಲ್ ಮೇಷ್ಟ್ರು ಗುಂಡಿಯ ಅಂಚಿನಲ್ಲೇ ನಿಂತಿದ್ದರು. ಪ್ರತಿ ಸಲ ಗುದ್ದಲಿ ಕಲ್ಲಿಗೆ ತಗಲಿ ಟಣ್ ಎಂದಾಗ ಜನ ಉಸಿರು ಹಿಡಿಯುತ್ತಿದ್ದರು. ಬೀಗದಣ್ಣನೂ ಕತ್ತು ಚಾಚಿ ನೋಡುತ್ತಿದ್ದ. ಯಾಕೆಂದರೆ ತಮ್ಮ ಎಲ್ಲಿದ್ದಾನೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಆ ನೆಲದಡಿಯೇ ಇದ್ದರೂ ಇರಬಹುದಲ್ಲ.

ಸಂಜೆಯ ಹೊತ್ತಿಗೆ ಮನೆಯ ಜಾಗದಲ್ಲಿ ಒಂದು ಹೊಂಡ ಬಾಯಿ ತೆರೆದಿತ್ತು. ಒಳಗೆ ಹಳೆಯ ಇಟ್ಟಿಗೆ, ಒಡೆದ ಕನ್ನಡಿ ಚೂರು, ಬೇರು, ಮಣ್ಣು. ಮನುಷ್ಯರದ್ದೆನ್ನುವಂಥ ಒಂದು ಎಲುಬಿನ ಚೂರೂ ಇಲ್ಲ. ಇನ್ಸ್‌ಪೆಕ್ಟರ್ ಕೈ ಒರೆಸಿಕೊಂಡು ಜೀಪು ಹತ್ತಿದರು.

ಇಷ್ಟಾದ ಮೇಲೆ ಬೀದಿಯ ಬಾಯಿ ಮುಚ್ಚಬಹುದೆಂದು ಬೀಗದಣ್ಣ ಒಂದು ಗಳಿಗೆ ನಂಬಿದ. ಟೈರ್ ಅಂಗಡಿಯವನು ಕುರ್ಚಿ ಮಡಚುತ್ತ, "ಇಲ್ಲಿಲ್ಲ ಅಂದ್ರೆ ಬೇರೆ ಎಲ್ಲೋ ಹಾಕಿದಾನೆ. ಚಾಣಾಕ್ಷ ನನ್ಮಗ" ಎಂದ. ಅಗೆದರೂ ಸಿಗಲಿಲ್ಲವೆಂಬುದೇ ಹೊಸ ಸಾಕ್ಷಿಯಾಯಿತು. ಗುಂಪಿನೊಳಗಿಂದ ಯಾರೋ ಎಸೆದ ಮಣ್ಣಿನ ಹೆಂಟೆ ಅಂಗಡಿಯೊಳಗೆ ಹಾರಿಬಂದು ದೊಡ್ಡ ಕನ್ನಡಿಗೆ ಬಡಿಯಿತು. ಕನ್ನಡಿ ಮೂಲೆಯಿಂದ ಮೂಲೆಗೆ ಸೀಳಿತು. ಕಾನ್‌ಸ್ಟೇಬಲ್ ಆ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ ಬೆಂಚು ಖಾಲಿಯಿತ್ತು. ಬೀಗದಣ್ಣ ಕಸ ಗುಡಿಸಿ ತಲೆ ಎತ್ತಿದರೆ ಡ್ರಿಲ್ ಮೇಷ್ಟ್ರು ಅಂಗಡಿಯ ಒಳಗೇ ನಿಂತಿದ್ದರು. ಹೇಳದೆ ಕೇಳದೆ ಹೋಗಿ ಕುರ್ಚಿಯಲ್ಲಿ ಕೂತರು. ಸೀಳಿದ ಕನ್ನಡಿಯಲ್ಲಿ ಅವರ ಮುಖ ಎರಡಾಗಿತ್ತು.

"ಗಡ್ಡ" ಎಂದರು.

ಬೀಗದಣ್ಣ ಬಟ್ಟೆ ಹೊದಿಸಿದ, ನೀರು ಹಚ್ಚಿದ, ಬ್ರಷ್ಷಿನಿಂದ ನೊರೆ ತಿರುವಿದ. ಮೇಷ್ಟ್ರು ಕಣ್ಣು ಮುಚ್ಚಲಿಲ್ಲ. ಅವರ ಕಣ್ಣು ಕನ್ನಡಿಯಲ್ಲಿ ಅವನ ಬಲಗೈಯನ್ನೇ ಹಿಂಬಾಲಿಸುತ್ತಿತ್ತು. ಕಿವಿಯ ಪಕ್ಕದಿಂದ ಇಳಿದ ಕತ್ತಿ ಕೆನ್ನೆ ದಾಟಿ ಗಂಟಲಿಗೆ ಬಂತು.

"ನಡುಗ್ತಾ ಇಲ್ಲ" ಎಂದರು ಮೇಷ್ಟ್ರು.

"ಏನು?"

"ನಿನ್ನ ಕೈ. ತಪ್ಪು ಮಾಡಿದೋನ ಕೈ ನಡುಗುತ್ತೆ ಅಂತ ನೋಡೋಕೆ ಬಂದೆ."

"ನೋಡಿದ್ರಲ್ಲ. ಈಗಾದ್ರೂ ಗೊತ್ತಾಯ್ತಲ್ಲ."

"ಗೊತ್ತಾಯ್ತು. ನನ್ನ ಗಂಟಲ ಮೇಲೆ ಕತ್ತಿ ಇಟ್ಕೊಂಡೂ ನಡುಗಲ್ಲ ಅಂದ್ರೆ ನಿಂದೆಂಥ ಕಲ್ಲೆದೆ ಅಂತ ಗೊತ್ತಾಯ್ತು."

ಬೀಗದಣ್ಣನ ತಲೆಗೆ ರಕ್ತ ಏರಿತು. ನಡುಗಿದರೂ ಕಳ್ಳ, ನಡುಗದಿದ್ದರೂ ಕಳ್ಳ. ಕತ್ತಿಯನ್ನು ಮೇಲಕ್ಕೆತ್ತಿ ಒರೆಸಿ, "ಎದ್ದು ಹೋಗಿ" ಎಂದ.

"ಅರ್ಧ ಮುಖ ಬಿಟ್ಟು ಕಳಿಸ್ತೀಯಾ?"

ಎಷ್ಟೇ ಸಿಟ್ಟಿದ್ದರೂ ಅರ್ಧ ಬೋಳಿಸಿದ ಮುಖವನ್ನು ಅಂಗಡಿಯಿಂದ ಆಚೆ ಕಳಿಸಲು ಅವನ ಕಸುಬು ಒಪ್ಪಲಿಲ್ಲ. ಹಲ್ಲು ಕಚ್ಚಿಕೊಂಡು ಇನ್ನೊಂದು ಕೆನ್ನೆಗೆ ನೊರೆ ಹಚ್ಚಿದ. ಮೇಷ್ಟ್ರು ದನಿ ತಗ್ಗಿಸಿ ಕೇಳಿದರು.

"ನಿನ್ನ ತಮ್ಮ ನನ್ನ ಮಗಳ ಮೇಲೆ ಕೈ ಮಾಡ್ತಿದ್ನಾ?"

ಇಷ್ಟು ವರ್ಷ ತನ್ನ ಮೇಲೆ ನೆಟ್ಟಿದ್ದ ಅನುಮಾನ ಈಗ ತಮ್ಮನ ಕಡೆಗೆ ತಿರುಗುತ್ತಿದೆ ಎಂದು ಬೀಗದಣ್ಣನಿಗೆ ಹೊಳೆಯಿತು. ಇದರಿಂದ ಹಗುರಾಗಬೇಕಿತ್ತು. ಆಗಲಿಲ್ಲ. ಇನ್ನಷ್ಟು ಉರಿಯಿತು.

"ನಡುವೆ ಇದ್ದಿದ್ದು ಒಂದು ಗೋಡೆ. ಹೊಡೆದಿದ್ರೆ ನಂಗೆ ಕೇಳಿಸ್ತಿತ್ತು. ಒಂದಿನಾನೂ ಕೇಳಿಲ್ಲ."

"ಮತ್ತೇನು ಕೇಳಿಸ್ತಿತ್ತು?"

ಬೀಗದಣ್ಣ ಕತ್ತಿಯ ನೊರೆ ಒರೆಸಿದ. ಅವನ ಬಳಿ ಒಂದು ವಿಷಯವಿತ್ತು. ಪೊಲೀಸರು ಕಿರುಚಾಟ ಕೇಳಿಸಿತಾ ಎಂದು ಕೇಳಿದ್ದರು, ಏನಾದರೂ ಬಿದ್ದ ಸದ್ದು, ಗಾಡಿಯ ಸದ್ದು ಕೇಳಿಸಿತಾ ಎಂದು ಕೇಳಿದ್ದರು. ಇದನ್ನು ಯಾರೂ ಕೇಳಿರಲಿಲ್ಲ. ತಾನಾಗಿ ಹೇಳುವಂಥದ್ದೂ ಅಲ್ಲ, ನಾಚಿಕೆಯ ವಿಷಯ. ಈ ಮುದುಕನಿಗಂತೂ ಯಾಕೆ ಹೇಳಬೇಕು ಅನ್ನಿಸಿತು. ಹದಿನಾರು ವರ್ಷ ತನ್ನ ಬಾಗಿಲನ್ನು ಕಾದ ಕಣ್ಣು ಈಗ ಕನ್ನಡಿಯಲ್ಲಿ ಕೈಯನ್ನು ಬಿಟ್ಟು ಅವನ ಬಾಯಿಯನ್ನೇ ನೋಡುತ್ತಿತ್ತು. ಕೊಡದೇ ಇರುವುದರಲ್ಲೂ ಒಂದು ರುಚಿಯಿತ್ತು. ಆ ರುಚಿಯನ್ನು ಸ್ವಲ್ಪ ಹೊತ್ತು ಚಪ್ಪರಿಸಿದ. ಆಮೇಲೆ ಯಾಕೋ ತಡೆಯಲಾಗದೆ ಹೇಳಿಬಿಟ್ಟ.

"ಜಗಳ ಆಯ್ತಲ್ಲ, ಅವತ್ತು ಊಟದ ಹೊತ್ತಲ್ಲಿ ನಗ್ತಾ ಇದ್ರು. ನನ್ನ ತಮ್ಮ ನನ್ನ ಥರಾನೇ ದನಿ ಮಾಡ್ಕೊಂಡು, ನಿನ್ನ ಮುಖ ತೋರಿಸ್ಬೇಡ ಅಂತ ಅಣಕಿಸ್ತಿದ್ದ. ದೊಡ್ಡ ಮಗಳೂ ಅಣಕಿಸಿದ್ಲು, ದೊಡ್ಡಪ್ಪ ಹೀಗೆ, ದೊಡ್ಡಪ್ಪ ಹಾಗೆ ಅಂತ. ನಿಮ್ಮ ಮಗಳು ಬಿದ್ದು ಬಿದ್ದು ನಗ್ತಿದ್ಲು. ಸಾಕು ಮಾಡ್ರೀ, ಹೊಟ್ಟೆ ನೋಯುತ್ತೆ, ಆ ಕಡೆ ಭಾವ ಕೇಳಿಸ್ಕೋತಾರೆ ಅಂತಿದ್ಲು. ಹಾಗಂದು ಮತ್ತೆ ನಗ್ತಿದ್ಲು."

ಮೇಷ್ಟ್ರು ಕುರ್ಚಿಯ ಕೈ ಹಿಡಿದುಕೊಂಡರು.

"ಅದಕ್ಕೇ ನಾನು ಅಷ್ಟು ದಿನ ವಿಚಾರಿಸ್ಲಿಲ್ಲ" ಎಂದ ಬೀಗದಣ್ಣ. "ಜಗಳಕ್ಕಲ್ಲ. ನಕ್ಕಿದ್ದಕ್ಕೆ."

ಮೇಷ್ಟ್ರು ಎದ್ದು ನಿಂತರು. ಕುತ್ತಿಗೆಯ ಬಟ್ಟೆ ಹಾಗೇ ಇತ್ತು, ಕಿವಿಯ ಕೆಳಗೆ ನೊರೆಯಿತ್ತು.

"ಸುಳ್ಳು. ನನ್ನ ಮಗಳು ಹಾಗೆ ನಗೋಳೇ ಅಲ್ಲ. ಜೋರಾಗಿ ನಕ್ಕಿದ್ದೇ ನಾನು ಕಂಡಿಲ್ಲ."

"ನಿಮ್ಮ ಮನೇಲಿ ನಗ್ತಿರ್ಲಿಲ್ವೇನೋ."

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ಮೇಷ್ಟ್ರು ಬಟ್ಟೆ ಕಿತ್ತು ಕುರ್ಚಿಯ ಮೇಲೆ ಎಸೆದು ಮೆಟ್ಟಿಲಿಳಿದರು. ಬೆಂಚಿನ ಕಡೆ ಹೋಗಲಿಲ್ಲ. ನೇರ ಠಾಣೆಯ ದಾರಿ ಹಿಡಿದರು.

ಮಧ್ಯಾಹ್ನದ ಹೊತ್ತಿಗೆ ಕಾನ್‌ಸ್ಟೇಬಲ್ ಬಂದು ನಿಂತ. ಗಂಡಹೆಂಡಿರಿಬ್ಬರೂ ಬರಬೇಕಂತೆ.

ಠಾಣೆಯ ಬಣ್ಣ ಬದಲಾಗಿತ್ತು, ಮೇಜು ಬದಲಾಗಿತ್ತು. ಬೀಗದಣ್ಣನ ಬೆರಳುಗಳಿಗೆ ಮಾತ್ರ ಆ ಕೋಣೆಯ ಗುರುತು ಸಿಕ್ಕಿತು, ತಾವಾಗಿಯೇ ಅಂಗೈಯೊಳಗೆ ಮಡಚಿಕೊಂಡವು. ಮೇಷ್ಟ್ರು ಗೋಡೆಯ ಪಕ್ಕದ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದರು. ಕಿವಿಯ ಕೆಳಗೆ ನೊರೆ ಒಣಗಿ ಬೆಳ್ಳಗಾಗಿತ್ತು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದರು ಇನ್ಸ್‌ಪೆಕ್ಟರ್.

"ಯಾರೂ ಕೇಳ್ಲಿಲ್ಲ ಮೇಡಂ. ಕೇಳಿದ್ದಕ್ಕೆಲ್ಲ ಹೇಳಿದೀನಿ."

"ನಗು ಅಷ್ಟು ಸ್ಪಷ್ಟವಾಗಿ ಕೇಳಿಸ್ತಾ?"

"ನನ್ನ ಬಗ್ಗೆನೇ ನಗ್ತಿದ್ರಲ್ಲ ಮೇಡಂ. ಅಂಥದ್ದು ಸ್ಪಷ್ಟವಾಗೇ ಕೇಳಿಸುತ್ತೆ."

ಇನ್ಸ್‌ಪೆಕ್ಟರ್ ಕುರ್ಚಿಗೆ ಒರಗಿದರು. "ಅಂದ್ರೆ ನಿಮಗೆ ಅವಮಾನ ಆಗಿದೆ. ಹೆಂಡ್ತಿ ಮಕ್ಕಳ ಮುಂದೆ ತಮ್ಮ ನಿಮ್ಮನ್ನ ಆಡ್ಕೊಂಡು ನಗಿಸ್ತಿದ್ದ. ನೀವು ಈ ಕಡೆ ಕೂತು ಕೇಳ್ತಿದ್ರಿ. ಸಿಟ್ಟು ಎಷ್ಟು ಬಂದಿರ್ಬೇಕು."

ಆಗ ಅವನಿಗೆ ಅರ್ಥವಾಯಿತು. ಈವರೆಗೆ ಅವರ ಬಳಿ ಬೀಗದ ಕೈ ಒಂದೇ ಇತ್ತು, ಕಾರಣ ಇರಲಿಲ್ಲ. ಬಚ್ಚಲ ನೀರಿಗಾಗಿ ನಾಲ್ಕು ಜನರನ್ನು ಯಾರೂ ಕೊಲ್ಲುವುದಿಲ್ಲ. ಕಾರಣವನ್ನು ಅವನೇ ತನ್ನ ಕೈಯಾರೆ ಕೊಟ್ಟಿದ್ದ. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಂಡಂತೆ.

ಇನ್ಸ್‌ಪೆಕ್ಟರ್ ಹೆಂಡತಿಯ ಕಡೆ ತಿರುಗಿದರು. "ನಿಮಗೆ ನಗು ಕೇಳಿಸಿತ್ತಾ?"

ಅವಳು ಗಂಡನ ಕಡೆ ನೋಡಲಿಲ್ಲ. "ಇಲ್ಲ" ಎಂದಳು. "ನಂಗೆ ಕೇಳಿಸ್ಲಿಲ್ಲ."

ಬರೆದುಕೊಂಡರು, ಇಬ್ಬರಿಂದಲೂ ಸಹಿ ಹಾಕಿಸಿಕೊಂಡರು, ಹೇಳದೆ ಊರು ಬಿಡಬಾರದು ಎಂದು ಕಳಿಸಿದರು. ಹೊರಗೆ ಬರುವಾಗ ಮೇಷ್ಟ್ರು ತಲೆ ಎತ್ತಲಿಲ್ಲ. ಅವರ ತುಟಿ ಸಣ್ಣಗೆ ಅಲುಗುತ್ತಿತ್ತು, ಬಾಯಿಪಾಠ ಮಾಡುವವರಂತೆ.

ಮನೆಗೆ ಬಂದು ಬಾಗಿಲು ಮುಂದೆ ಮಾಡಿದ ಮೇಲೆ ಬೀಗದಣ್ಣನ ಸಿಟ್ಟು ಕಟ್ಟೆಯೊಡೆಯಿತು.

"ಕೇಳಿಸ್ತು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕೇಳಿಸ್ಲಿಲ್ಲ, ಕೇಳಿಸ್ಲಿಲ್ಲ ಅಂದೆ. ನೀರಿನ ಸದ್ದಲ್ಲಿ ಪಾತ್ರೆ ತಿಕ್ತಿದ್ದೆ. ನೀವು ಸುಳ್ಳು ಹೇಳ್ತಿದೀರಿ ಅಂದ್ನಾ?"

"ಅವರಿಗೆ ಹಾಗೇ ಅರ್ಥ ಆಗಿದ್ದು."

"ಅವರಿಗೆ ಏನು ಅರ್ಥ ಆದ್ರೂ ಅಷ್ಟೇ. ಹದಿನಾರು ವರ್ಷದಿಂದ ನೋಡ್ತಿಲ್ವಾ." ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ, ಉಪ್ಪಿದೆಯಾ ಎಂದು ಕೇಳುವಷ್ಟೇ ಸಲೀಸಾಗಿ ಕೇಳಿದಳು. "ನೀವೇನಾದ್ರೂ ಮಾಡಿದ್ರಾ?"

ಈ ಪ್ರಶ್ನೆ ಬಂದ ದಿನ ಹೇಳಲೆಂದು ಅವನು ಎಷ್ಟೋ ಮಾತು ಕೂಡಿಟ್ಟಿದ್ದ.

"ಇಲ್ಲ" ಎಂದ.

"ಸರಿ" ಎಂದು ಅವಳು ಒಲೆ ಹಚ್ಚಿದಳು.

"ಇಷ್ಟೇನಾ? ಇದನ್ನ ಮೊದಲೇ ಯಾಕೆ ಕೇಳ್ಲಿಲ್ಲ?"

"ಕೇಳಿದ್ರೆ ಇವಳಿಗೂ ಅನುಮಾನ ಅಂದ್ಕೋತಿದ್ರಿ."

"ಕೇಳ್ದೇ ಇದ್ದಿದ್ದಕ್ಕೆ ಅಂದ್ಕೊಂಡೆ."

ಅವಳು ಬೆನ್ನು ತಿರುಗಿಸಿಯೇ ಇದ್ದಳು. ಬೆನ್ನು ಸ್ವಲ್ಪ ಅಲುಗಿತು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಹತ್ತಿರ ಹೋಗಿ ನೋಡುವ ಧೈರ್ಯವೂ ಆಗಲಿಲ್ಲ.

ಠಾಣೆಯ ಮಾತು ಠಾಣೆಯಲ್ಲಿ ಉಳಿಯಲಿಲ್ಲ. ಟೈರ್ ಅಂಗಡಿಯವನಿಗೆ ಹೊಸ ಕಸುಬೇ ಸಿಕ್ಕಂತಾಯಿತು. ಬಂದವರಿಗೆಲ್ಲ ಗಾಳಿಯ ಜೊತೆ ಈ ಕತೆಯನ್ನೂ ತುಂಬಿ ಕಳಿಸಿದ. ನಕ್ಕಿದ್ದಕ್ಕೆ ಮನೆ ಮಂದಿಯನ್ನೇ ಮುಗಿಸಿದನಂತೆ ಎಂದು ಬೀದಿ ಹೇಳಿತು. ಬೀಗದಣ್ಣ ನಡೆದುಬಂದರೆ ಜನ ನಗುವನ್ನು ಅರ್ಧಕ್ಕೇ ನಿಲ್ಲಿಸಿ, ಬೇಕೆಂದೇ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದರು. ಅದೊಂದು ಹೊಸ ಆಟವಾಯಿತು. ಅವನೂ ಬಿಡುತ್ತಿರಲಿಲ್ಲ, ಅವರೆದುರು ನಿಂತು ಕ್ಯಾಕರಿಸಿ ಉಗಿದು ಮುಂದೆ ಹೋಗುತ್ತಿದ್ದ.

ಹೊಂಡ ಮುಚ್ಚಿತು, ಅದರ ಮೇಲೆ ಜಲ್ಲಿ ಬಿತ್ತು, ಡಾಂಬರು ಬಿತ್ತು. ತಮ್ಮನ ನಡುಮನೆ ಇದ್ದ ಜಾಗದ ಮೇಲೆ ಬಸ್ಸು ಓಡಾಡಿತು. ನಡುವಿನ ಗೋಡೆ ಈಗ ಬೀಗದಣ್ಣನ ಮನೆಯ ಹೊರಗೋಡೆ. ಅದರ ಮೇಲೆ ಆ ಕಡೆಯ ಮನೆಯ ಹಸಿರು ಸುಣ್ಣ, ಕ್ಯಾಲೆಂಡರಿನ ಮೊಳೆ ಹಾಗೇ ಉಳಿದಿದ್ದವು. ಇನ್ಸ್‌ಪೆಕ್ಟರಿಗೆ ವರ್ಗವಾಯಿತು. ಹೋಗುವ ಮುನ್ನ ಅವರು ಇನ್ನೂ ಎರಡು ಸಲ ಅವನನ್ನು ಕರೆಸಿ ಅದೇ ಪ್ರಶ್ನೆ ಕೇಳಿದರು, ಅದೇ ಉತ್ತರ ಬರೆದುಕೊಂಡರು. ನಾಲ್ಕು ಜನ ಎಲ್ಲಿ ಹೋದರು ಎಂಬುದು ಯಾರಿಗೂ ತಿಳಿಯಲಿಲ್ಲ, ಇಂದಿಗೂ ತಿಳಿದಿಲ್ಲ.

ಮೇಷ್ಟ್ರು ಬೆಂಚಿಗೆ ಬರುವುದನ್ನು ನಿಲ್ಲಿಸಿದ್ದರು. ಹೋಗಿರಬೇಕು, ಪೀಡೆ ತೊಲಗಿತು ಎಂದುಕೊಂಡರೂ ಬೀಗದಣ್ಣನ ಕಣ್ಣು ಬಾಗಿಲು ತೆಗೆಯುವಾಗೆಲ್ಲ ಆ ಕಡೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಅವರು ಬಂದೇ ಬಂದರು. ಮುಖದ ತುಂಬ ಬಿಳಿ ಗಡ್ಡ. ಕಾಲು ಎತ್ತಿಹಾಕಲು ಮೆಟ್ಟಿಲಿನಲ್ಲಿ ಗೋಡೆ ಹಿಡಿದುಕೊಂಡರು. ಬೀಗದಣ್ಣ ಕೈ ಕೊಡಲಿಲ್ಲ, ಅವರು ಕೇಳಲೂ ಇಲ್ಲ. ಕುರ್ಚಿಯಲ್ಲಿ ಕೂತು ಕನ್ನಡಿ ನೋಡಿದರು.

"ಇನ್ನೂ ಬದಲಾಯ್ಸಿಲ್ವಾ ಇದನ್ನ?"

"ಇದನ್ನ ಹಾಕಿಕೊಟ್ಟೋನು ನನ್ನ ತಮ್ಮ. ಬೇರೆಯೋರ ಕೈಯಲ್ಲಿ ಹಾಕಿಸಲ್ಲ. ಗಡ್ಡಾನಾ?"

"ಗಡ್ಡಾನೂ ಮಾಡು. ಮೊದಲು ಅದನ್ನ ಹೇಳು."

"ಯಾವುದನ್ನ?"

"ಅವಳು ನಕ್ಕಿದ್ದನ್ನ."

ಬೀಗದಣ್ಣ ಬಟ್ಟೆ ಕೊಡವಿದ. "ಸುಳ್ಳು ಅಂದ್ರಲ್ಲ."

"ಸುಳ್ಳೇ. ಹೇಳು."

ಅವನಿಗೆ ಆ ಮುದುಕನನ್ನು ಕುರ್ಚಿ ಸಮೇತ ರಸ್ತೆಗೆ ತಳ್ಳಬೇಕು ಅನ್ನಿಸಿತು. ಠಾಣೆಗೆ ಹೋಗಿ ಚಾಡಿ ಹೇಳಿದ ಬಾಯಿ ಇದೇ. ಹದಿನಾರು ವರ್ಷ ಅನ್ನ ಗಂಟಲಲ್ಲಿ ಇಳಿಯದಂತೆ ಮಾಡಿದ ಕಣ್ಣು ಇದೇ. ಬ್ರಷ್ಷು ನೀರಿಗೆ ಅದ್ದಿ, ಬೇಕಾದ್ದಕ್ಕಿಂತ ಜೋರಾಗಿ ಆ ಕೆನ್ನೆಗೆ ತಿಕ್ಕಿದ. ಮೇಷ್ಟ್ರು ಮುಖ ಹಿಂಡಿಕೊಂಡು ಕಾದರು.

"ಊಟಕ್ಕೆ ಕೂತಿದ್ರು" ಎಂದು ಬೀಗದಣ್ಣ ಶುರು ಮಾಡಿದ. "ತಟ್ಟೆ ಸದ್ದು ಕೇಳಿಸ್ತಿತ್ತು. ಮೊದಲು ಶುರು ಮಾಡಿದ್ದು ನನ್ನ ತಮ್ಮ."

"ಹೋದ್ಸಲ ತಟ್ಟೆ ಸದ್ದು ಹೇಳ್ಲಿಲ್ಲ."

"ಹೋದ್ಸಲ ನೀವು ಪೂರ್ತಿ ಕೇಳೋಕೆ ಕೂರ್ಲಿಲ್ಲ."

"ಆಯ್ತು. ಚಿಕ್ಕೋಳು ಏನ್ಮಾಡ್ತಿದ್ಲು?"

"ಚಿಕ್ಕೋಳ ದನಿ ಕೇಳಿಸ್ಲಿಲ್ಲ. ನಿದ್ದೆ ಹೋಗಿದ್ಲು ಅನ್ಸುತ್ತೆ."

"ಅನ್ಸುತ್ತೆ ಗಿನ್ಸುತ್ತೆ ಬೇಡ. ಗೊತ್ತಿದ್ರೆ ಮಾತ್ರ ಹೇಳು."

"ಗೊತ್ತಿಲ್ಲ."

"ಹಾಗಾದ್ರೆ ಅವಳನ್ನ ಬಿಡು. ಮುಂದೆ ಹೇಳು" ಎಂದು ಮೇಷ್ಟ್ರು ಗಲ್ಲ ಮೇಲೆತ್ತಿ ಕಣ್ಣು ಮುಚ್ಚಿದರು.